ಪಹಣಿಯಲ್ಲಿ ಕಾಡು, ನೆಲದ ಮೇಲೆ ಮನೆ

ಮೊದಲ ಮನೆ ಕೊಳ್ಳುವವರಿಗೆ ತೆರಿಗೆ ರಿಯಾಯಿತಿ ಕೊಡುವ ಮಾತು ಸಂಸತ್ತಿಗೆ ಹೊಸದಲ್ಲ. 2019ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ 45 ಲಕ್ಷ ರೂ.ವರೆಗಿನ ಮನೆಯ ಸಾಲದ ಬಡ್ಡಿಗೆ 1.5 ಲಕ್ಷ ರೂ. ಹೆಚ್ಚುವರಿ ವಿನಾಯಿತಿ ಕೊಟ್ಟರು. 2022ರ ಮಾರ್ಚ್ 31ರ ನಂತರ ಮಂಜೂರಾದ ಸಾಲಕ್ಕೆ ಅದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಂತೂ ವಾಸದ ಮನೆಯ ಬಡ್ಡಿಗೆ ಕಡಿತವೇ ಇಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಕುಳಿತು ಕೇಳಿದರೆ ಇದು ಬೇರೆ ಯಾರದೋ ಮನೆಯ ಮಾತು. ಅಡಿಕೆ ಬೆಳೆಗಾರನ ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ. ಕೂಲಿಯವನ ಗಳಿಕೆ ತೆರಿಗೆಯ ಹೊಸ್ತಿಲಿಗೂ ಬಾರದು. ಇಲ್ಲಿಯ ತೊಡಕು ಜಾಗದ್ದು. ಚಿರೆಕಲ್ಲಿನ ಗೋಡೆ ಎದ್ದಿದೆ, ಹಂಚು ಹೊದೆಸಿದೆ, ಅಂಗಳದಲ್ಲಿ ಅಡಿಕೆ ಒಣಗುತ್ತಿದೆ. ಪಹಣಿಯಲ್ಲಿ ಮಾತ್ರ ಅದು ಅರಣ್ಯ. ಹಾಗಾಗಿ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9, 11 ಸಿಗದು. ಅವಿಲ್ಲದೆ ಬ್ಯಾಂಕ್ ಸಾಲವಿಲ್ಲ, ಸಾಲವೇ ಇಲ್ಲದವನಿಗೆ ಬಡ್ಡಿಯ ರಿಯಾಯಿತಿ ಎಲ್ಲಿಂದ? ಆ ಜಾಗಕ್ಕೆ ಹಕ್ಕು ಕೇಳೋಣವೆಂದರೆ, 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳಿಂದ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸದ ಸಾಕ್ಷ್ಯ ಕೇಳುತ್ತದೆ. ಅಜ್ಜ ಗುಡಿಸಲು ಹಾಕಿದಾಗ ರಸೀದಿ ಕೊಟ್ಟವರು ಯಾರು?

ಪೇಟೆಯಲ್ಲಿ ನಿವೇಶನ ಕೊಂಡ ಶಿಕ್ಷಕರಿಗೆ, ನೌಕರರಿಗೆ ರಿಯಾಯಿತಿ ಮರಳಿ ಬಂದರೆ ಒಳ್ಳೆಯದೇ, ಬರಲಿ. ಆದರೆ ನಮ್ಮ ಸಂಸದರು ಮನೆಯ ವಿಷಯಕ್ಕೆ ಎದ್ದು ನಿಂತಾಗ ಆ 75 ವರ್ಷದ ಷರತ್ತನ್ನೂ ಎತ್ತಬೇಕು.