ಆಟಗಾರರು ಹಳಬರೇ, ಆಡಿಸಿದ ಕ್ರಮ ಹೊಸದು

ಅಮೆರಿಕದ ಫುಟ್ಬಾಲ್ ನಮ್ಮ ಕಾಲ್ಚೆಂಡಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ಅಲ್ಲಿ ವಿಶ್ವವಿದ್ಯಾಲಯದ ತಂಡಗಳ ಪಂದ್ಯಕ್ಕೂ ಲಕ್ಷ ಪ್ರೇಕ್ಷಕರು ಸೇರುವುದುಂಟು. ಅಂಥ ಒಂದು ತಂಡದ ಅನುಭವ ಹೊರನಾಡಿನ ನಮ್ಮ ಸಂಘ-ಸಂಸ್ಥೆಗಳೂ ಗಮನಿಸತಕ್ಕದ್ದು.

2020ರಲ್ಲಿ ಮಿಚಿಗನ್ ವಿಶ್ವವಿದ್ಯಾಲಯದ ತಂಡ ಆಡಿದ 6 ಪಂದ್ಯಗಳಲ್ಲಿ 4ನ್ನು ಸೋತಿತು. ಎದುರಾಳಿಗಳಿಗೆ ಬಿಟ್ಟುಕೊಟ್ಟ ಅಂಕಗಳು ಪಂದ್ಯಕ್ಕೆ ಸರಾಸರಿ 34ಕ್ಕೂ ಹೆಚ್ಚು. ಮುಖ್ಯ ತರಬೇತುದಾರ ಜಿಮ್ ಹಾರ್ಬಾ ಅವರ ಸಂಬಳಕ್ಕೂ ಕತ್ತರಿ ಬಿತ್ತು. 57 ವರ್ಷದ ಅವರು 2021ರ ಆರಂಭದಲ್ಲಿ ರಕ್ಷಣಾ ವಿಭಾಗದ ಹೊಣೆಯನ್ನು 33 ವರ್ಷದ ಮೈಕ್ ಮ್ಯಾಕ್‌ಡೊನಾಲ್ಡ್ ಅವರಿಗೆ ಒಪ್ಪಿಸಿದರು. ಇಡೀ ವಿಭಾಗವನ್ನು ನಡೆಸಿದ ಅನುಭವ ಈ ತರುಣನಿಗೆ ಅದುವರೆಗೆ ಇರಲಿಲ್ಲ.

ಹಿಂದಿನ ಪದ್ಧತಿಯಲ್ಲಿ ಒಬ್ಬೊಬ್ಬ ರಕ್ಷಕ ಒಬ್ಬೊಬ್ಬ ಎದುರಾಳಿಯ ಬೆನ್ನುಹತ್ತಿ ಕಾಯುವುದೇ ಮುಖ್ಯವಾಗಿತ್ತು. ಎದುರಾಳಿ ಹೆಚ್ಚು ವೇಗಿಯಾದರೆ ಕೋಟೆ ಒಡೆದಂತೆಯೇ. ಹೊಸಬರು ಮೈದಾನವನ್ನೇ ಪಾಲು ಮಾಡಿ ಕಾಯುವುದಕ್ಕೆ ಹೆಚ್ಚು ಒತ್ತು ಕೊಟ್ಟರು. ನಿಲ್ಲುವ ಕ್ರಮವನ್ನು ಆಗಾಗ ಬದಲಿಸಿ ಎದುರಾಳಿಯ ಲೆಕ್ಕ ತಪ್ಪಿಸಿದರು. ಹಿಂದಿನ ಸಾಲಿನಲ್ಲಿ ಗಾಯದಿಂದಾಗಿ 3 ಪಂದ್ಯಗಳನ್ನಷ್ಟೇ ಆಡಿದ್ದ ಏಡನ್ ಹಚಿನ್ಸನ್, ಚೆಂಡೆಸೆಯುವ ಎದುರಾಳಿಯನ್ನು ಆ ವರ್ಷ 14 ಬಾರಿ ಕೆಡವಿದರು. ಬಿಟ್ಟುಕೊಟ್ಟ ಅಂಕಗಳು ಸರಾಸರಿ 17ರ ಆಸುಪಾಸಿಗೆ ಇಳಿದವು. 2011ರ ನಂತರ ಮೊದಲ ಬಾರಿಗೆ ಒಹಾಯೊ ಸ್ಟೇಟ್ ತಂಡವನ್ನು 42–27ರಿಂದ ಮಣಿಸಲಾಯಿತು.

ಒಂದೇ ವರ್ಷದಲ್ಲಿ ಮ್ಯಾಕ್‌ಡೊನಾಲ್ಡ್ ಬೇರೆಡೆಗೆ ಹೋದರು. ಅವರ ಜಾಗಕ್ಕೆ ಬಂದ ಜೆಸ್ಸಿ ಮಿಂಟರ್ ಅದೇ ದಾರಿಯಲ್ಲಿ ನಡೆದರು. 2023ರ ಸಾಲಿನಲ್ಲಿ ತಂಡ 15ಕ್ಕೆ 15 ಪಂದ್ಯಗಳನ್ನೂ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು.

ಎದುರಾಳಿಗಳ ಸಂಕೇತಗಳನ್ನು ಕದ್ದು ತಿಳಿದ ಪ್ರಕರಣದಲ್ಲಿ ಈ ತಂಡಕ್ಕೆ 2025ರಲ್ಲಿ ಭಾರೀ ದಂಡ ಬಿದ್ದುದನ್ನು ಮುಚ್ಚಿಡಬೇಕಿಲ್ಲ. ಆ ಕಳಂಕ ಗೆಲುವಿಗೆ ಅಂಟಿಕೊಂಡೇ ಇದೆ. ಆದರೆ ಹಿರಿಯರೊಬ್ಬರು ಕಿರಿಯನಿಗೆ ಹೊಣೆಯ ಜೊತೆಗೆ ಅಧಿಕಾರವನ್ನೂ ಕೊಟ್ಟದ್ದು ಸ್ತುತ್ಯರ್ಹವೇ.

ಸಂಘಕ್ಕೆ ಯುವಕರು ಬರುವುದಿಲ್ಲ ಎಂಬ ಕೊರಗು ನಮ್ಮ ಮಹಾಸಭೆಗಳಲ್ಲಿ ಕೇಳಿಬರುತ್ತಲೇ ಇರುತ್ತದೆ. ಬಂದವರಿಗೆ ಕುರ್ಚಿ ಜೋಡಿಸುವ, ಅತಿಥಿಗಳಿಗೆ ಹೂಗುಚ್ಛ ತಂದುಕೊಡುವ ಕೆಲಸವಷ್ಟೇ ಸಿಕ್ಕಿದರೆ ಅವರಾದರೂ ಏಕೆ ಉಳಿದಾರು? ಹಾರ್ಬಾ ತಮ್ಮ ಸ್ಥಾನವನ್ನು ಬಿಟ್ಟುಕೊಡಲಿಲ್ಲ. ಒಂದು ವಿಭಾಗವನ್ನು ನಂಬಿ ಒಪ್ಪಿಸಿದರು, ಅಷ್ಟೇ. ಯುವ ವಿಭಾಗಕ್ಕೆ ಒಂದು ಕಾರ್ಯಕ್ರಮವನ್ನು ಖರ್ಚುವೆಚ್ಚದ ಸಮೇತ ಪೂರ್ತಿಯಾಗಿ ವಹಿಸಿಕೊಡಲು ನಮ್ಮ ಪದಾಧಿಕಾರಿಗಳೂ ಸ್ಥಾನ ಬಿಡಬೇಕಾಗಿಲ್ಲ. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬಂದರೆ ಒಳಿತು.