ಬಸ್ಸಿನ ಹಣೆಬರಹ ಓದುವ ಹುಡುಗರು

ಬಸ್ಸಿನ ಫೋಟೋ ತೆಗೆಯುವ ಹುಡುಗರನ್ನು ಕಂಡರೆ ನಮ್ಮ ಜನ ನಗುತ್ತಾರೆ. ನಟನ ಕಟೌಟಿಗೆ ಹಾಲು ಸುರಿಯುವವನು ಅಭಿಮಾನಿ. ಕ್ರಿಕೆಟ್ಟಿನವನ ಹಿಂದೆ ಏರ್‌ಪೋರ್ಟಿನ ತನಕ ಓಡುವವನೂ ಅಭಿಮಾನಿ. ದಿನಕ್ಕೆ ಲಕ್ಷಗಟ್ಟಲೆ ಜನರನ್ನು ಹೊತ್ತು ತಿರುಗುವ ನಮ್ಮೂರ ಬಸ್ಸಿನ ಮುಂದೆ ಕ್ಯಾಮೆರಾ ಹಿಡಿದು ನಿಂತವನು ಮಾತ್ರ ಹುಚ್ಚ! ಇದ್ಯಾವ ನ್ಯಾಯ ಸ್ವಾಮಿ?

ನಾನು ಆ ಹುಚ್ಚರ ಪರ. ಯಾಕೆ ಅಂತ ಹೇಳುತ್ತೇನೆ, ಕೇಳಿ.

ನಾನು ಪ್ರೆಸ್ಸಿನವನು. ಪಿಯುಸಿ ಮುಗಿಸಿ ಮೊಳೆ ಜೋಡಿಸಲು ಕೂತವನು, ಈಗ ಆಫ್‌ಸೆಟ್ ಯಂತ್ರದ ಮುಂದೆ ನಿಂತಿದ್ದೇನೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ರಾಜ್ಯೋತ್ಸವದ ಕರಪತ್ರ, ಇದೇ ನನ್ನ ಹೊಟ್ಟೆಪಾಡು. (ಲಗ್ನಪತ್ರಿಕೆಯನ್ನು ಇಂಗ್ಲಿಷಿನಲ್ಲೇ ಹಾಕಿಸುವ ಕನ್ನಡಿಗರ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ, ಇವತ್ತು ಬೇಡ.) ರಸ್ತೆಯಲ್ಲಿ ಹೋಗುವಾಗ ಜನರ ಮುಖಕ್ಕಿಂತ ಮೊದಲು ನನ್ನ ಕಣ್ಣಿಗೆ ಬೀಳುವುದು ಬೋರ್ಡಿನ ಅಕ್ಷರ. ನಮ್ಮಲ್ಲಿಗೆ ಪ್ರಾಜೆಕ್ಟ್ ರಿಪೋರ್ಟ್ ಬೈಂಡ್ ಮಾಡಿಸಲು ಬರುವ ಡಿಪ್ಲೊಮಾ ಹುಡುಗನೊಬ್ಬನಿದ್ದಾನೆ. ಅವನಿಗೆ ಮೊದಲು ಕಾಣುವುದು ಬಸ್ಸು. ಒಂದು ಭಾನುವಾರ, ಪ್ರೆಸ್ಸಿಗೆ ರಜೆ, ಅವನ ಜೊತೆ ಹೊರಟೆ.

ದಿನದ ಪಾಸು ತೆಗೆದುಕೊಂಡೆವು. ೨೦೨೫ರ ಜನವರಿಯಲ್ಲಿ ದರ ಏರಿದಾಗ ೭೦ ರೂಪಾಯಿಯದು ೮೦ ಆಯಿತು. ಆದರೂ ಇಡೀ ಬೆಂಗಳೂರನ್ನು ಒಂದು ದಿನ ಬಾಡಿಗೆಗೆ ಕೊಡುತ್ತಾರೆ ಅಂದುಕೊಂಡರೆ ಅಗ್ಗ. ಹೆಣ್ಣುಮಕ್ಕಳಿಗೆ ಅದೂ ಬೇಡ. ೨೦೨೩ರ ಜೂನ್ ೧೧ರಂದು ಶಕ್ತಿ ಯೋಜನೆ ಬಂದಮೇಲೆ ಸಾಮಾನ್ಯ ಬಸ್ಸಿನಲ್ಲಿ ಅವರಿಗೆ ಪುಕ್ಕಟೆ. ಆದರೂ ಈ ಹವ್ಯಾಸದಲ್ಲಿ ಹುಡುಗಿಯರು ಕಾಣುವುದು ಅಪರೂಪ. ಯಾಕೆ ಅಂತ ಹುಡುಗನನ್ನು ಕೇಳಿದೆ. 'ನಾನು ನಿಲ್ದಾಣದಲ್ಲಿ ಮೂರು ಗಂಟೆ ಸುಮ್ಮನೆ ನಿಂತರೆ ಯಾರೂ ಕೇಳಲ್ಲ ಸಾರ್, ನಮ್ಮಕ್ಕ ನಿಂತರೆ ಬಿಡ್ತಾರಾ?' ಅಂದ. ಸರಿಯಾದ ಮಾತು.

ಬೆಳಿಗ್ಗೆ ಏಳಕ್ಕೆ ಮೆಜೆಸ್ಟಿಕ್. ಬೆಳಕು ಬೆನ್ನಿಗಿರಬೇಕು, ಬಸ್ಸು ತಿರುವಿನಲ್ಲಿ ನಿಧಾನ ಮಾಡಬೇಕು, ಮುಖವೂ ಪಕ್ಕೆಯೂ ಒಟ್ಟಿಗೆ ಕಾಣಬೇಕು. ಅಂಥ ಜಾಗ ಅವನಿಗೆ ಮೊದಲೇ ಗೊತ್ತು. ಬಸ್ಸು ಕಾಣುವ ಮೊದಲೇ ಸದ್ದು ಕೇಳಿ 'ಇದು ಲೇಲ್ಯಾಂಡು, ಇದು ಟಾಟಾ' ಅನ್ನುತ್ತಾನೆ. ನೋಟ್‌ಬುಕ್ಕಿನಲ್ಲಿ ನೋಂದಣಿ ಸಂಖ್ಯೆ, ಡಿಪೋ, ತಾರೀಖು, ಜಾಗ. ಬ್ಯಾಂಕಿನವರ ಲೆಡ್ಜರ್ ಕೂಡ ಅಷ್ಟು ಚೊಕ್ಕ ಇರುವುದಿಲ್ಲ. ಯಾವ ಬಸ್ಸಿನ ಮೈ ಕೆಂಗೇರಿ ವರ್ಕ್‌ಶಾಪಿನಲ್ಲಿ ಕಟ್ಟಿದ್ದು, ಯಾವುದು ಹಾಸನದ್ದು, ಯಾವುದು ಹೊಸಕೋಟೆಯ ವೋಲ್ವೋ ಕಾರ್ಖಾನೆಯಿಂದ ಬಂದದ್ದು, ಎಲ್ಲವೂ ಬಾಯಿಪಾಠ. ಕರ್ನಾಟಕದ ಕೆಲಸಗಾರರು ಕಟ್ಟಿದ ಬಸ್ಸುಗಳ ಚರಿತ್ರೆ ಒಬ್ಬ ಹತ್ತೊಂಬತ್ತರ ಹುಡುಗನ ತಲೆಯಲ್ಲಿದೆ. ಇದನ್ನು ಹುಚ್ಚು ಅನ್ನುತ್ತೀರಾ?

ಅವನು ತೆಗೆದ ಮೊದಲ ಫೋಟೋ ನೋಡಿ ನಾನು ಬೆಚ್ಚಿದೆ. ಬಸ್ಸು ಚೆನ್ನಾಗಿ ಬಂದಿದೆ, ಆದರೆ ನೆತ್ತಿಯ ಮೇಲಿನ ದೀಪದ ಬೋರ್ಡಿನಲ್ಲಿ ಊರಿನ ಹೆಸರೇ ಇಲ್ಲ! ಎರಡು ಪಟ್ಟಿ ಬೆಳಕು, ಅರ್ಧ 'ಬ', ಕಾಲು 'ರ'. ಹುಡುಗ ವಿವರಿಸಿದ. ಆ ದೀಪಗಳೆಲ್ಲ ಒಟ್ಟಿಗೆ ಉರಿಯುವುದಿಲ್ಲವಂತೆ. ಸಾಲುಸಾಲಾಗಿ ಹೊತ್ತಿ ಆರುತ್ತವೆ, ವೇಗ ಹೆಚ್ಚಿದ್ದರಿಂದ ನಮ್ಮ ಕಣ್ಣಿಗೆ ಒಂದೇ ಸಮ ಕಾಣುತ್ತದೆ. ಕ್ಯಾಮೆರಾ ಕಣ್ಣು ಬೇಗ ಮುಚ್ಚಿಕೊಂಡರೆ ಆ ಗಳಿಗೆಯಲ್ಲಿ ಉರಿಯುತ್ತಿದ್ದ ಸಾಲು ಮಾತ್ರ ಸಿಗುತ್ತದೆ. ಪೂರ್ತಿ ಹೆಸರು ಬೇಕೆಂದರೆ ಕ್ಯಾಮೆರಾ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡಬೇಕು. ಅಷ್ಟರಲ್ಲಿ ಬಸ್ಸು ಅಲುಗಿದರೆ ಚಿತ್ರ ಮಸುಕು. ಇದೂ ಸಾಲದೆಂಬಂತೆ ಬೋರ್ಡು ಒಮ್ಮೆ ಇಂಗ್ಲಿಷು, ಒಮ್ಮೆ ಕನ್ನಡ. ಕನ್ನಡದ ಸರದಿ ಬರುವ ತನಕ ಕಾಯಬೇಕು. ಈ ಹುಡುಗ ಕಾಯುತ್ತಾನೆ. ಬೇರೆಯವರು ಇಂಗ್ಲಿಷ್ ಬಂದಾಗ ಒತ್ತಿ ಮುಂದೆ ಹೋಗುತ್ತಾರಂತೆ.

ಈ ಬೋರ್ಡಿನ ವಿಷಯದಲ್ಲಿ ಅಕ್ಷರದ ಕಸುಬಿನವನಾಗಿ ನಾನು ಎರಡು ಮಾತು ಆಡಲೇಬೇಕು. ಇಂಗ್ಲಿಷಿನ ದೊಡ್ಡಕ್ಷರ ಒಂದೇ ಅಂತಸ್ತಿನ ಮನೆ. ಕನ್ನಡ ಹಾಗಲ್ಲ. ಮೇಲೆ ಗುಣಿತ, ನಡುವೆ ಅಕ್ಷರ, ಕೆಳಗೆ ಒತ್ತು, ಮೂರು ಅಂತಸ್ತು ಬೇಕು. ಮೊಳೆ ಜೋಡಿಸುವ ಕಾಲದಲ್ಲಿ ಒತ್ತಿಗೇ ಬೇರೆ ಮೊಳೆ ಇಟ್ಟುಕೊಂಡು ಜಾಗ ಮಾಡಿಕೊಡುತ್ತಿದ್ದೆವು. ದೀಪದ ಬೋರ್ಡಿನಲ್ಲಿ ಇಂಗ್ಲಿಷಿಗೆ ಅಳೆದ ಎತ್ತರದೊಳಗೇ ಕನ್ನಡವನ್ನೂ ತುರುಕುತ್ತಾರೆ. ಪರಿಣಾಮ ಏನು? 'ಶಿವಾಜಿನಗರ' ಪಾರಾಗುತ್ತದೆ, ಯಾಕೆಂದರೆ ಅದರಲ್ಲಿ ಒತ್ತಿಲ್ಲ. 'ಬನಶಂಕರಿ' ಬಚಾವು. 'ಬನ್ನೇರುಘಟ್ಟ', 'ಮಾರುಕಟ್ಟೆ', 'ಅತ್ತಿಬೆಲೆ', 'ದೊಡ್ಡಬಳ್ಳಾಪುರ' ಸಿಕ್ಕಿಬೀಳುತ್ತವೆ. ಒತ್ತಕ್ಷರ ಮೇಲಿನ ಅಕ್ಷರದ ಕಾಲಿಗೆ ಅಂಟಿಕೊಂಡ ಕೆಸರಿನ ಹಾಗೆ ಕಾಣುತ್ತದೆ. ದೂರದಿಂದ ಓದಲಾಗದ ಕನ್ನಡಿಗ ಇಂಗ್ಲಿಷ್ ಬರುವ ತನಕ ಕಾದು ಬಸ್ಸು ಹತ್ತುತ್ತಾನೆ. ನಂತರ ಯಾರೋ ಸೂಟುಬೂಟಿನವರು ಹೇಳುತ್ತಾರೆ: 'ನೋಡಿ, ಜನ ಇಂಗ್ಲಿಷನ್ನೇ ಓದುತ್ತಾರೆ!'

ಓದದೆ ಏನು ಮಾಡಬೇಕು? ನೀವು ಕನ್ನಡದ ಕತ್ತು ಹಿಸುಕಿಟ್ಟಿದ್ದೀರಿ.

ತಗಡಿನ ಮೇಲೆ ಕುಂಚದಿಂದ ಬರೆಯುತ್ತಿದ್ದ ಬೋರ್ಡುಗಳಲ್ಲಿ ಈ ಗೋಳಿರಲಿಲ್ಲ. ಬರೆಯುವವನು ಒತ್ತು ಕಂಡರೆ ಅಕ್ಷರವನ್ನು ಕೊಂಚ ಮೇಲಕ್ಕೆತ್ತಿ ಜಾಗ ಮಾಡುತ್ತಿದ್ದ. ಅಂಕಿಯೂ ಕನ್ನಡದ್ದೇ. ಹೊರಗಿನಿಂದ ಬಂದವರು ಬೈದುಕೊಂಡಾದರೂ ಕನ್ನಡದ ಹತ್ತು ಅಂಕಿ ಕಲಿಯುತ್ತಿದ್ದರು, ಇಲ್ಲದಿದ್ದರೆ ಆಫೀಸು ಮುಟ್ಟುವಂತಿರಲಿಲ್ಲ. ಕನ್ನಡ ಅಂಕಿಗೆ ತನ್ನದೇ ತೊಡಕಿಲ್ಲ ಅನ್ನುವುದಿಲ್ಲ. ೧ಕ್ಕೂ ೦ಗೂ ನಡುವೆ ಇರುವುದು ಒಂದು ಸಣ್ಣ ಬಾಯಿ, ೬ ಮತ್ತು ೯ ಅಣ್ಣತಮ್ಮಂದಿರು. ಆ ಬಾಯನ್ನು ಸ್ವಲ್ಪ ಅಗಲ ಮಾಡಿ, ಬಾಲವನ್ನು ಸ್ವಲ್ಪ ಉದ್ದ ಎಳೆದು ಬರೆದರೆ ಮುಗಿಯಿತು. ಒಬ್ಬ ಒಳ್ಳೆ ಬೋರ್ಡ್ ಬರೆಯುವವನನ್ನು ಕೂರಿಸಿ ಕೇಳಿದರೆ ಒಂದು ಮಧ್ಯಾಹ್ನದ ಕೆಲಸ.

ಮೆಜೆಸ್ಟಿಕ್ಕಿನಿಂದ ೩೬೫ ಹತ್ತಿ ಬನ್ನೇರುಘಟ್ಟಕ್ಕೆ ಹೋದೆವು. ಡೈರಿ ಸರ್ಕಲ್, ಜಯದೇವ, ಅರೆಕೆರೆ, ಹುಳಿಮಾವು, ಗೊಟ್ಟಿಗೆರೆ. ಕಂಡಕ್ಟರ್ ಕೂಗುತ್ತಾ ಹೋದ ಹಾಗೆ ಒಂದೊಂದು ಹಳ್ಳಿ ಎದ್ದು ಬರುತ್ತದೆ. ಗಾಜಿನ ಕಟ್ಟಡಗಳ ನಡುವೆ ಆ ಹಳ್ಳಿ ಎಲ್ಲಿದೆ ಅಂತ ಹುಡುಕಿದರೆ ಸಿಗುವುದಿಲ್ಲ, ಬಸ್ ಸ್ಟಾಪಿನ ಹೆಸರಿನಲ್ಲಿ ಮಾತ್ರ ಇದೆ. ಮೆಜೆಸ್ಟಿಕ್ ಟಾಕೀಸು ಇಲ್ಲ, ನಿಲ್ದಾಣಕ್ಕೆ ಸರ್ಕಾರ ಕೆಂಪೇಗೌಡರ ಹೆಸರಿಟ್ಟಿದೆ, ಜನರ ಬಾಯಲ್ಲಿ ಮೆಜೆಸ್ಟಿಕ್ಕೇ. ಆ ನಿಲ್ದಾಣದ ಅಡಿಯಲ್ಲಿದ್ದ ಧರ್ಮಾಂಬುಧಿ ಕೆರೆಯೂ ಇಲ್ಲ. ಮೈಸೂರು ಬ್ಯಾಂಕು ೨೦೧೭ರ ಏಪ್ರಿಲ್ ೧ರಂದು ದೊಡ್ಡ ಬ್ಯಾಂಕಿನ ಹೊಟ್ಟೆ ಸೇರಿತು, ಆದರೆ ಕಂಡಕ್ಟರ್ ಇವತ್ತಿಗೂ 'ಮೈಸೂರ್ ಬ್ಯಾಂಕ್ ಯಾರ್ರೀ' ಅಂತಲೇ ಕೂಗುವುದು. ಕೆರೆ, ಟಾಕೀಸು, ಬ್ಯಾಂಕು ಮೂರೂ ಹೋದರೂ ಹೆಸರನ್ನು ಉಳಿಸಿಕೊಟ್ಟದ್ದು ಬಸ್ಸು ಮತ್ತು ಬಸ್ಸಿನವರ ಬಾಯಿ.

ವಾಪಸು ಜಯದೇವಕ್ಕೆ ಬಂದು, ಸಿಲ್ಕ್ ಬೋರ್ಡಿಗೆ ಹೋಗಿ, ಹೆಬ್ಬಾಳದ ೫೦೦ಡಿ ಹಿಡಿದೆವು. ಅಗರ, ಬೆಳ್ಳಂದೂರು, ಮಾರತಹಳ್ಳಿ, ಟಿನ್ ಫ್ಯಾಕ್ಟರಿ, ನಾಗವಾರ. ಈ ರಸ್ತೆಯಲ್ಲಿ ಕನ್ನಡ ಸತ್ತೇಹೋಗಿದೆ ಅಂತ ಭಾಷಣ ಮಾಡುವ ನಮ್ಮ ನಾಯಕರು ಒಮ್ಮೆ ಈ ಬಸ್ಸು ಹತ್ತಬೇಕು. ಅವರು ಕಾರಿನಿಂದ ಇಳಿಯುವುದಿಲ್ಲ, ಆ ಮಾತು ಬೇರೆ. ಕಂಡಕ್ಟರಮ್ಮ ಉತ್ತರ ಕರ್ನಾಟಕದವರು, ಮಾತಿನ ಜವಾರಿತನವೇ ಊರು ಹೇಳುತ್ತಿತ್ತು. ಹೊರ ರಾಜ್ಯದ ಹುಡುಗನೊಬ್ಬ ಇಂಗ್ಲಿಷಿನಲ್ಲಿ ಏನೋ ಕೇಳಿದ. ಆಕೆ ಜಗಳವಾಡಲಿಲ್ಲ, ಮುಖ ಗಂಟಿಕ್ಕಲಿಲ್ಲ. 'ಎಲ್ಲಿಗಿ? ಎಷ್ಟ್ ಮಂದಿ?' ಅಂತ ಕನ್ನಡದಲ್ಲೇ ಎರಡು ಸಲ ಕೇಳಿದರು. ಮೂರನೇ ಸಲಕ್ಕೆ ಅವನು 'ನಾಗವಾರ, ಎರಡು' ಅಂದ. ಅಷ್ಟೇ ಪಾಠ. ಫೀಜಿಲ್ಲ, ಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ಬೆಂಗಳೂರಿನಲ್ಲಿ ಇಂಥ ಪಾಠಶಾಲೆಗಳು ಸಾವಿರಾರು ಓಡಾಡುತ್ತಿವೆ, ನಮಗೆ ಅದರ ಬೆಲೆ ಗೊತ್ತಿಲ್ಲ. ಮೆಟ್ರೋದಲ್ಲಿ ಹಿಂದಿ ಫಲಕ ತೆಗೆಸಲು ೨೦೧೭ರಲ್ಲಿ ಬೀದಿಗಿಳಿಯಬೇಕಾಯಿತು. ಬಸ್ಸಿನಲ್ಲಿ ಕನ್ನಡ ಉಳಿದದ್ದು ಕಂಡಕ್ಟರ್ ಬಾಯಿಂದ.

ಅದಕ್ಕೇ ಹೇಳುವುದು, ಬಸ್ಸಿನ ಚಿತ್ರ ತೆಗೆಯುವವನು ಬರೀ ತಗಡಿನ ಚಿತ್ರ ತೆಗೆಯುತ್ತಿಲ್ಲ. ಮತ್ತೆ ಅವಸರವೂ ಇದೆ. ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದು ಅಂತ ಕೇಂದ್ರ ಸರ್ಕಾರ ಮಾಡಿದ ನಿಯಮ ೨೦೨೩ರ ಏಪ್ರಿಲ್ ೧ರಿಂದ ಜಾರಿಯಲ್ಲಿದೆ. ಸಾರಿಗೆ ನಿಗಮದ ಬಸ್ಸುಗಳಿಗೂ ಅದೇ ಕತ್ತರಿ. ಹೊಗೆ ಕಡಿಮೆಯಾಗುತ್ತದೆ, ಒಳ್ಳೆಯದೇ, ನನ್ನ ತಕರಾರಿಲ್ಲ. ಆದರೆ ಗುಜರಿಗೆ ಹೋಗುವ ಬಸ್ಸಿನ ಜೊತೆ ಅದರ ಮೈಮೇಲಿನ ಕೈಬರಹವೂ ಹೋಗುತ್ತದೆ. ಮಹಿಳೆಯರಿಗೆ ಮೀಸಲು ಅಂತ ಬರೆದದ್ದು, ಚಿಲ್ಲರೆ ಕೊಟ್ಟು ಸಹಕರಿಸಿ ಅಂತ ಬರೆದದ್ದು, ಎಲ್ಲಾ.

ಹಿಂದೆ ಏನು ಕಳೆದುಕೊಂಡಿದ್ದೇವೆ ನೋಡಿ. ೧೯೪೦ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ, ೧೯೫೬ರಲ್ಲಿ ಅದನ್ನು ಸರ್ಕಾರ ವಹಿಸಿಕೊಂಡು ಬಿಟಿಎಸ್, ೧೯೯೭ರ ಆಗಸ್ಟ್ ೧೫ರಿಂದ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ. ಮೂರು ತಲೆಮಾರು ಓಡಾಡಿದ ಬಸ್ಸು. ನಿಮ್ಮ ಮನೆಯ ಆಲ್ಬಂ ತೆಗೆದು ನೋಡಿ: ಮದುವೆ ಇದೆ, ನಾಮಕರಣ ಇದೆ, ತಿರುಪತಿ ಇದೆ. ಅಪ್ಪ ಇಪ್ಪತ್ತು ವರ್ಷ ಕೆಲಸಕ್ಕೆ ಹೋದ ಬಸ್ಸು ಇದೆಯಾ? ಡಬಲ್ ಡೆಕ್ಕರಿನ ಮೇಲಂತಸ್ತಿನ ಮುಂದಿನ ಸೀಟಿಗೆ ನಾನೂ ನನ್ನ ತಮ್ಮನೂ ಹೊಡೆದಾಡಿದ್ದೇವೆ. ಒಂದು ಚಿತ್ರವಿಲ್ಲ. ಟಿಕೆಟ್ಟಾದರೂ ಅಷ್ಟೇ. ದರಕ್ಕೊಂದು ಬಣ್ಣದ ತೆಳು ಕಾಗದ, ಹಿಂದೆ ಕಂಡಕ್ಟರ್ ಗೀಚಿದ ಚಿಲ್ಲರೆ ಬಾಕಿ. ಅಚ್ಚಿನ ಶಾಯಿ ಆದ್ದರಿಂದ ನಲವತ್ತು ವರ್ಷ ಕಳೆದರೂ ಓದಬಹುದು. ಈಗಿನ ಯಂತ್ರದ ಟಿಕೆಟ್ಟು ಬಿಸಿಗೆ ಕಪ್ಪಾಗುವ ಕಾಗದ, ಪರ್ಸಿನಲ್ಲಿಟ್ಟರೆ ಕೆಲವು ತಿಂಗಳಲ್ಲಿ ಬಿಳಿ ಹಾಳೆ.

ಈಗ ಹುಡುಗರಿಗೆ ಒಂದು ಜಗಳ. ನೀವು ತೆಗೆದ ಚಿತ್ರದ ಕೆಳಗೆ ಬರೆಯುವುದೆಲ್ಲ ಯಾಕ್ರಯ್ಯ ಇಂಗ್ಲಿಷಿನಲ್ಲಿ? ಚಾಸಿಸ್, ಗೇರ್‌ಬಾಕ್ಸ್ ಅಂತ ಬರೆಯಿರಿ, ಬೇಡ ಅನ್ನುವುದಿಲ್ಲ. ಡ್ರೈವರ್ರಿಗೂ ಮೆಕ್ಯಾನಿಕ್ಕಿಗೂ ಅವು ಕನ್ನಡ ಪದಗಳೇ ಆಗಿವೆ. ಆದರೆ ಕನ್ನಡ ಲಿಪಿಯಲ್ಲಿ ಬರೆಯಿರಿ. ಊರಿನ ಹೆಸರನ್ನು ಊರಿನವರು ಅನ್ನುವ ಹಾಗೆ ಬರೆಯಿರಿ. ಅಕ್ಷರ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ತಮಾಷೆ ಕೇಳಿ. ಕೆಎಸ್‌ಆರ್‌ಟಿಸಿ ಎಂಬ ಇಂಗ್ಲಿಷಿನ ಐದಕ್ಷರಕ್ಕಾಗಿ ನಾವೂ ಕೇರಳದವರೂ ವರ್ಷಗಟ್ಟಲೆ ಕಚ್ಚಾಡಿದೆವು. ಅವರ ಸಂಸ್ಥೆ ೧೯೬೫ರದ್ದು. ನಮ್ಮದು ೧೯೬೧ರಲ್ಲೇ ಹುಟ್ಟಿದರೂ ಮೈಸೂರು ಹೋಗಿ ಕರ್ನಾಟಕ ಎಂಬ ಹೆಸರು ಬಂದದ್ದು ೧೯೭೩ರಲ್ಲಿ. ಕೊನೆಗೆ ೨೦೨೩ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟು ಕೇರಳದ ತಕರಾರನ್ನು ತಳ್ಳಿಹಾಕಿದ ಮೇಲೆ ನಾವು ಉಸಿರು ಬಿಟ್ಟೆವು. ಅಷ್ಟೂ ದಿನ ಕೆಂಪು ಬಸ್ಸಿನ ಮೈಮೇಲೆ 'ಕರ್ನಾಟಕ ಸಾರಿಗೆ' ಅಂತ ದೊಡ್ಡದಾಗಿ ಬರೆದಿತ್ತಲ್ಲ, ಅದನ್ನು ಯಾರಾದರೂ ಕೇಳಿದರಾ?

ಸಂಜೆ ಶಿವಾಜಿನಗರ, ಆಮೇಲೆ ಮಾರ್ಕೆಟ್ಟು. ನಡುವೆ ಒಂದು ನಿಲ್ದಾಣದಲ್ಲಿ, ಯಾವುದು ಅಂತ ಬರೆಯುವುದಿಲ್ಲ, ಕಾವಲಿನವನು ಬಂದು ಫೋಟೋ ಅಳಿಸು ಅಂದ. ಯಾವ ನಿಯಮ ಅಂದರೆ ಅವನಿಗೆ ಗೊತ್ತಿಲ್ಲ. ಸಾಹೇಬರು ಹೇಳಿದ್ದಾರೆ, ಅಷ್ಟೇ. ಪಾಪ, ಅವನ ಸಂಬಳ ಅವನಿಗೆ ಮುಖ್ಯ. ಹುಡುಗ ಎರಡು ಚಿತ್ರ ಅಳಿಸಿ ನಮಸ್ಕಾರ ಹಾಕಿ ಬಂದ. ಸಾರ್ವಜನಿಕರ ದುಡ್ಡಿನ ಬಸ್ಸು, ಸಾರ್ವಜನಿಕರ ಜಾಗ, ರೀಲ್ಸ್ ಕುಣಿಯುವವರಿಗೆ ಅಡ್ಡಿಯಿಲ್ಲ, ಬಸ್ಸು ಪ್ರೀತಿಸುವವನಿಗೆ ಅಡ್ಡಿ! ಸಂಸ್ಥೆಯ ಹಿರಿಯರು ಒಂದು ಸಾಲಿನ ಸುತ್ತೋಲೆ ಹೊರಡಿಸಲಿ: ದಾರಿಗೆ ಅಡ್ಡ ನಿಲ್ಲದೆ, ಪ್ರಯಾಣಿಕರ ಮುಖಕ್ಕೆ ಹಿಡಿಯದೆ ಬಸ್ಸಿನ ಚಿತ್ರ ತೆಗೆಯಬಹುದು ಅಂತ. ಅದನ್ನು ಪ್ರತಿ ನಿಲ್ದಾಣದಲ್ಲೂ ಅಂಟಿಸಲಿ. ಹಾಗೆಯೇ ಮುಂದಿನ ಬಸ್ಸುಗಳ ಟೆಂಡರಿನಲ್ಲಿ ಬೋರ್ಡಿನ ಎತ್ತರವನ್ನು 'ದೊಡ್ಡಬಳ್ಳಾಪುರ' ಬರೆದು ಅಳೆಯಲಿ, ಇಂಗ್ಲಿಷಿನಿಂದಲ್ಲ. ನೂರಡಿ ದೂರದಲ್ಲಿ ಒಬ್ಬ ಅಜ್ಜಿಯನ್ನು ನಿಲ್ಲಿಸಿ ಓದಿಸಿ ನೋಡಿ ಹಣ ಕೊಡಲಿ.

ಹುಡುಗರೇ, ನಿಮ್ಮ ಹತ್ತಿರ ಹಳೆ ಬೋರ್ಡಿನ ಚಿತ್ರಗಳಿದ್ದರೆ ತಾರೀಖು, ಡಿಪೋ, ಮಾರ್ಗ ಬರೆದು ಒಂದೆಡೆ ಸೇರಿಸಿ. ನಲವತ್ತೆಂಟು ಪುಟ ತುಂಬುವಷ್ಟಾದರೆ ಪ್ಲೇಟು, ಅಚ್ಚು, ಬೈಂಡಿಂಗ್ ನಮ್ಮ ಪ್ರೆಸ್ಸಿನದು. ಕಾಗದದ ದುಡ್ಡು ಮಾತ್ರ ನೀವು ಹೊಂದಿಸಬೇಕು. ನಮ್ಮ ಹುಡುಗನ ನೋಟ್‌ಬುಕ್ಕಿನಲ್ಲಿ ಹದಿಮೂರು ಪುಟಕ್ಕಾಗುವಷ್ಟು ಈಗಲೇ ಇದೆ.