ಚಿಗರಿ ಬೇಟೆ ಮತ್ತು ಕಾನೂನು
ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಹೊಲಗಳಲ್ಲಿ ಹೆಸರು, ಕಡಲೆ ಬೆಳೆಗೆ ನುಗ್ಗುವ ಚಿಗರಿ, ಅಂದರೆ ಕೃಷ್ಣಮೃಗ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದ ಪ್ರಾಣಿ. ಕಾಯ್ದೆಯ 9ನೇ ಕಲಂ ಇದರ ಬೇಟೆಯನ್ನು ನಿಷೇಧಿಸಿದೆ; ಉರುಲು ಒಡ್ಡುವುದು, ವಿಷವಿಡುವುದು, ಅದಕ್ಕೆ ಯತ್ನಿಸುವುದೂ ಬೇಟೆಯೇ. ಅಪರಾಧ ನಡೆದಿದೆ ಎನ್ನಲು ಸಕಾರಣವಿದ್ದರೆ ಅರಣ್ಯಾಧಿಕಾರಿ ಅಥವಾ ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆಯಲ್ಲದ ಪೊಲೀಸ್ ಅಧಿಕಾರಿ 50ನೇ ಕಲಂ ಪ್ರಕಾರ ವಾಹನ ತಡೆದು ಶೋಧಿಸಬಹುದು, ಮಾಂಸ, ಬಲೆ, ಬಂದೂಕು ಜಪ್ತಿ ಮಾಡಬಹುದು, ವಾರಂಟ್ ಇಲ್ಲದೆ ಬಂಧಿಸಬಹುದು; ಬಂಧಿತನನ್ನು ತಡಮಾಡದೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಮಾಂಸವೋ ಕೊಂಬೋ ವಶದಲ್ಲಿ ಸಿಕ್ಕರೆ, ಅದು ಅಕ್ರಮವಲ್ಲವೆಂದು ಸಾಬೀತುಪಡಿಸುವ ಹೊಣೆ 57ನೇ ಕಲಂ ಪ್ರಕಾರ ಆರೋಪಿಯದೇ. ಶಿಕ್ಷೆ 3ರಿಂದ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡ ಕನಿಷ್ಠ 25,000 ರೂಪಾಯಿ. ಜೀವರಕ್ಷಣೆಗಾಗಿ ಸದುದ್ದೇಶದಿಂದ ಕೊಂದರೆ ಅಪರಾಧವಲ್ಲ. ಆದರೆ ಬೆಳೆನಾಶವೊಂದೇ ಚಿಗರಿಯನ್ನು ಕೊಲ್ಲಲು ಕಾರಣವಾಗದು. ಬೆಳೆ ಕಳೆದುಕೊಂಡ ರೈತನಿಗಿರುವ ದಾರಿ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳುವುದು. ಉರುಲು ಬಿಟ್ಟು ಅರ್ಜಿ ಹಿಡಿದು ಬಂದ ರೈತನನ್ನು ಅಲೆದಾಡಿಸದೆ ಪರಿಹಾರ ಕೊಡುವುದು ಇಲಾಖೆಯ ಕರ್ತವ್ಯ.